ಗಡಿಯಾರ ನಿಲ್ಲಿಸುವ ಭಾನುವಾರಕ್ಕೆ ಹೊತ್ತಿಗೆ ಸರಿಯಾಗಿ ತಲುಪುವುದು ಹೇಗೆ?

ತಡವಾದ ಸೊಸೆ · 5 ಅಕ್ಟೋಬರ್ 2025

ನಮಸ್ಕಾರ. ಪ್ರಶ್ನೆ ಚಿಕ್ಕದು, ಪುರಾಣ ದೊಡ್ಡದು. ಸ್ವಲ್ಪ ಸಹಿಸಿಕೊಳ್ಳಿ.

ನಾವಿರುವುದು ಯುರೋಪಿನಲ್ಲಿ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಬೇರೆಯವರ ಮನೆಯಲ್ಲಿ ಅದು ಬರೀ ಕಿರಿಕಿರಿ. ನಮ್ಮ ಮಾವನ ಮನೆಯಲ್ಲಿ ಮಾತ್ರ ವರ್ಷದ ದೊಡ್ಡ ದಿನ. ಆವತ್ತು ಲೆಕ್ಕಕ್ಕೆ 25 ಗಂಟೆ ಸಿಗುತ್ತದೆ, ಹಾಗಾಗಿ ವರ್ಷದ ಅತಿ ಉದ್ದದ ದಿನ ಅದೇ, ಜೂನ್ 21 ಅಲ್ಲ ಅಂತ ಮಾವನ ವಾದ. ಮೂವತ್ತು ವರ್ಷದಿಂದ ಇದೇ ವಾದ. ಯಾರೂ ಗೆದ್ದಿಲ್ಲ.

ಇದಕ್ಕೆಲ್ಲ ಕಾರಣ ಒಂದು ಗೋಡೆ ಗಡಿಯಾರ. ಮಾವ ಈ ಕಡೆ ಬಂದ ಮೊದಲ ವರ್ಷ, ಯಾರೋ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು. ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಲೋಲಕ. ಗಂಟೆ ಎಷ್ಟೋ ಅಷ್ಟು ಹೊಡೆತ, ಅರ್ಧ ಗಂಟೆಗೆ ಒಂದು ಠಣ್. ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದಂತೆ, ಹೊಡೆಯುವ ಭಾಗ ಕೆಡುತ್ತದಂತೆ. ಅದಕ್ಕೆ ಮಾವ ಆ ಭಾನುವಾರ ಲೋಲಕ ಹಿಡಿದು ನಿಲ್ಲಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಒಂದು ಗಂಟೆ ಕಾದರು. ಮೊದಲ ವರ್ಷ ಒಬ್ಬರೇ. ಆಮೇಲೆ ಅತ್ತೆ ಜೊತೆಗೆ ಕೂತರು. ಆಮೇಲೆ ಮಕ್ಕಳು. ಈಗ ಸೊಸೆ, ಮೊಮ್ಮಗಳು ಎಲ್ಲ ಸೇರಿ ಏಳು ಜನ.

ನಿಯಮ ಹೀಗಿದೆ. ಭಾನುವಾರ ಹೊಸ ಸಮಯ ಬೆಳಿಗ್ಗೆ 9 ಆದಾಗ ಗೋಡೆಯ ಗಡಿಯಾರ ಹಳೇ ಲೆಕ್ಕದಲ್ಲಿ 10 ಹೊಡೆಯುತ್ತದೆ. ಹತ್ತನೇ ಹೊಡೆತ ಮುಗಿದ ಕೂಡಲೇ ಮಾವ ಲೋಲಕ ಹಿಡಿಯುತ್ತಾರೆ. ಫೋನಿನಲ್ಲಿ 10 ಆಗುವವರೆಗೆ ಮನೆಯಲ್ಲಿ ಟಿಕ್ ಟಿಕ್ ಇಲ್ಲ. ಫೋನುಗಳೆಲ್ಲ ಒಂದು ಬುಟ್ಟಿಗೆ. ಒಂದು ಮಾತ್ರ ಮಾವನ ಜೇಬಿನಲ್ಲಿ. (ಅದು ಮೋಸ ಅಂತ ನನ್ನ ಮಗಳ ದೂರು.) ಎಲ್ಲರ ಕೈಗೂ ಒಂದೊಂದು ಚೀಟಿ. "ಒಂದು ಗಂಟೆ ಜಾಸ್ತಿ ಸಿಕ್ಕರೆ ಏನು ಮಾಡ್ತೀಯ?" ಇದಕ್ಕೆ ಉತ್ತರ ಬರೆದು, ಮಡಚಿ, ಗಡಿಯಾರದ ಪೆಟ್ಟಿಗೆಯ ತಳಕ್ಕೆ ಹಾಕಬೇಕು. ಹಿಂದಿನ ಚೀಟಿ ತೆಗೆದು ಓದಬೇಕು. ಬರೆದವರು ಎದುರಿಗೆ ಇದ್ದರೆ ಮಾತ್ರ ಓದುವುದು, ಇಲ್ಲದಿದ್ದರೆ ಇಲ್ಲ. ನಮ್ಮ ಮೂರು ಜನರ ಚೀಟಿ 2021ರಿಂದ ಹಾಗೇ ಬಿದ್ದಿದೆ. ಯಾಕೆಂದರೆ ಮೂರು ವರ್ಷದಿಂದ ನಾವು ಆ ಗಂಟೆಗೆ ತಲುಪಿಯೇ ಇಲ್ಲ.

2022ರಲ್ಲಿ ಶನಿವಾರ ಸಂಜೆಯ ರೈಲು. ನನಗೆ ಗ್ರಂಥಾಲಯದಲ್ಲಿ ಕೆಲಸ, ಶನಿವಾರ ಬಿಡುವುದೇ ಆರಕ್ಕೆ. ಮಧ್ಯದಲ್ಲಿ ಒಂದು ಕಡೆ ರೈಲು ಬದಲಿಸಬೇಕು, ಅದಕ್ಕೆ ಸಿಗುವುದು ಎಂಟು ನಿಮಿಷ. ಹಳಿ ಮೇಲೆ ಎಲೆ ಬಿದ್ದಿದೆ ಅಂತ ನಮ್ಮ ರೈಲು ಹದಿನೇಳು ನಿಮಿಷ ತಡ. ಕೊನೆಯ ರೈಲು ಕಣ್ಣೆದುರಿಗೇ ಹೋಯಿತು. ರಾತ್ರಿ ಅಲ್ಲೇ ಉಳಿದು, ಮರುದಿನ ಮನೆ ಮುಟ್ಟಿದಾಗ ಹನ್ನೊಂದು.

2023ರಲ್ಲಿ ರೈಲು ಬೇಡವೇ ಬೇಡ ಅಂತ ಕಾರು ತೆಗೆದೆವು. 240 ಕಿಲೋಮೀಟರ್. ಬೆಳಗಿನ ಜಾವ ಐದೂವರೆಗೆ ಹೊರಟರೆ ಅರ್ಧ ದಾರಿಯಲ್ಲಿ ಮಂಜು. ಎದುರಿನ ಗಾಡಿಯ ದೀಪ ಕೂಡ ಕಾಣಲಿಲ್ಲ. ಒಂದು ಜಿಂಕೆ ಅಡ್ಡ ಬಂದು ಜೀವ ಬಾಯಿಗೆ ಬಂತು. ಹತ್ತೂ ಇಪ್ಪತ್ತಕ್ಕೆ ತಲುಪಿದೆವು. ಗಡಿಯಾರ ಆರಾಮಾಗಿ ಓಡುತ್ತಿತ್ತು.

2024ರದ್ದು ಹೇಳಲು ನಾಚಿಕೆ. ನಮ್ಮವರು ರಾತ್ರಿ ಮಲಗುವ ಮುಂಚೆ ಜವಾಬ್ದಾರಿಯಿಂದ ಅಲಾರಾಂ ಗಡಿಯಾರವನ್ನು ಒಂದು ಗಂಟೆ ಹಿಂದೆ ಹಾಕಿದರು. ಅದು ತಾನಾಗಿಯೇ ಬದಲಾಗುವ ಜಾತಿಯದು. ರಾತ್ರಿ ಅದೂ ಒಂದು ಗಂಟೆ ಹಿಂದೆ ಹೋಯಿತು. ಎದ್ದಾಗ ಬೆಳಕು ಹರಿದಿತ್ತು.

ಈ ಸಲ 26ನೇ ತಾರೀಕು. ರೈಲೋ ಕಾರೋ? ಯಾವ ಹೊತ್ತಿಗೆ ಹೊರಡಬೇಕು? ನನ್ನ ಮೈದುನ ಶನಿವಾರ ರಾತ್ರಿ ವಿಮಾನದಲ್ಲಿ ಬರುತ್ತಾನೆ, ಅವನಿಗೇನಾದರೂ ಹೇಳಬೇಕಾ? "ಬೇಗ ಹೊರಡಿ" ಅಂತ ಮಾತ್ರ ಹೇಳಬೇಡಿ. ಅದನ್ನು ಹೇಳಲು ಅತ್ತೆ ಇದ್ದಾರೆ.

ಹಳಿ ಪಕ್ಕದವ · 5 ಅಕ್ಟೋಬರ್

ಎಲೆ ಬಿತ್ತು ಅಂತ ರೈಲು ತಡ ಎಂದರೆ ಎಲ್ಲರೂ ನಗುತ್ತಾರೆ. ಕೆಲಸಕ್ಕೆ ಸೇರುವ ಮುಂಚೆ ನಾನೂ ನಗುತ್ತಿದ್ದೆ. ಆಮೇಲೆ ಏಳು ವರ್ಷ ರೈಲು ಸಂಚಾರ ನಿಯಂತ್ರಣದ ಕೋಣೆಯಲ್ಲಿ ಕೂತೆ. ಅಕ್ಟೋಬರ್, ನವೆಂಬರ್ ಬಂತೆಂದರೆ ಮನೆಯವರ ಮುಖಕ್ಕಿಂತ ಆ ಪರದೆಯನ್ನೇ ಜಾಸ್ತಿ ನೋಡಿದ್ದೇನೆ.

ರೈಲಿನ ಒಂದು ಚಕ್ರ ಹಳಿಗೆ ತಾಗುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಅಷ್ಟರ ಮೇಲೆ ಟನ್‌ಗಟ್ಟಲೆ ಭಾರ. ಎಲೆ ಬಂದು ಅಲ್ಲಿ ಸಿಕ್ಕಿಕೊಂಡರೆ ಅರೆದು ಹೋಗುತ್ತದೆ. ಒಂದರ ಹಿಂದೆ ಒಂದು ಚಕ್ರ ಹಾದು ಹಾದು ಅದು ಕಪ್ಪು ಪದರವಾಗಿ ಹಳಿಗೆ ಅಂಟಿಕೊಳ್ಳುತ್ತದೆ. ಗಟ್ಟಿ, ನುಣುಪು. ಪೊರಕೆಯಿಂದ ಗುಡಿಸಿದರೆ ಹೋಗುವಂಥದ್ದಲ್ಲ. ಬ್ರಿಟನ್ನಿನಲ್ಲಿ ಅದನ್ನು ಕೀಳಲೆಂದೇ ಬೇರೆ ರೈಲುಗಳಿವೆ. 1,500 ಬಾರ್ ಒತ್ತಡದ ನೀರು ಹೊಡೆದು, ಅದರ ಮೇಲೆ ಮರಳು ಸೇರಿಸಿದ ಅಂಟು ಸವರಿಕೊಂಡು ಹೋಗುತ್ತವೆ.

ಈಗ ನಿಮ್ಮ ಹದಿನೇಳು ನಿಮಿಷಕ್ಕೆ ಬರೋಣ. ಹಳಿ ಜಾರುತ್ತದೆ ಎಂದರೆ ಚಾಲಕ ನಿಲ್ದಾಣಕ್ಕೆ ತುಂಬಾ ಮೊದಲೇ ಬ್ರೇಕ್ ಹಾಕಬೇಕು. ಹೊರಡುವಾಗ ಮೆಲ್ಲಗೆ ಎತ್ತಬೇಕು, ಇಲ್ಲದಿದ್ದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಒಂದು ನಿಲ್ದಾಣಕ್ಕೆ ಅರ್ಧ ನಿಮಿಷ ಹೋಯಿತು ಅನ್ನಿ. ಹದಿನಾರು ನಿಲ್ದಾಣ ಇದ್ದರೆ ಅಲ್ಲಿಗೇ ನಿಮ್ಮ ಎಂಟು ನಿಮಿಷ ಖಾಲಿ. ಯಾರೂ ತಪ್ಪು ಮಾಡಿಲ್ಲ, ಏನೂ ಕೆಟ್ಟಿಲ್ಲ, ಆದರೂ ರೈಲು ತಪ್ಪಿತು. ಇನ್ನೊಂದು ತಾಪತ್ರಯ ಇದೆ. ಎಷ್ಟೋ ಕಡೆ ಹಳಿಯಲ್ಲಿ ಸಣ್ಣ ವಿದ್ಯುತ್ ಹರಿಸಿರುತ್ತಾರೆ. ಚಕ್ರ ಮತ್ತು ಅಚ್ಚು ಎರಡೂ ಹಳಿಯನ್ನು ಜೋಡಿಸಿದಾಗಲೇ "ಇಲ್ಲಿ ರೈಲಿದೆ" ಅಂತ ಸಿಗ್ನಲ್‌ಗೆ ಗೊತ್ತಾಗುವುದು. ಎಲೆಯ ಪದರ ಮಧ್ಯೆ ಬಂದರೆ ರೈಲು ಇದ್ದೂ ಇಲ್ಲದಂತೆ. ಆ ಭಯಕ್ಕೇ ನಾವು ಜಾಸ್ತಿ ಎಚ್ಚರ ವಹಿಸುವುದು. ಎಚ್ಚರ ಅಂದರೆ ಮತ್ತೆ ತಡ.

ಒಂದು ಗುಟ್ಟು ಹೇಳುತ್ತೇನೆ. ಜೋರು ಮಳೆ ನಮಗೆ ಅಷ್ಟು ತೊಂದರೆ ಕೊಡುವುದಿಲ್ಲ. ಇಬ್ಬನಿ, ಜಿಟಿಜಿಟಿ ತುಂತುರು, ಇವೇ ಕೆಟ್ಟವು. ಹಳಿ ಅರೆ ಒದ್ದೆಯಾದಾಗ ಆ ಪದರ ಸೋಪಿನ ಹಾಗೆ. ಅಂದರೆ ತಡರಾತ್ರಿ ಮತ್ತು ಬೆಳಗಿನ ಜಾವ ಅಪಾಯದ ಹೊತ್ತು. ನೀವು ಆರಿಸಿಕೊಂಡಿದ್ದು ಅವೆರಡನ್ನೇ. ಶನಿವಾರ ಮಧ್ಯಾಹ್ನ ಒಂದು ಗಂಟೆ ಹೊತ್ತಿನ ರೈಲು ಹಿಡಿಯಿರಿ. ಬದಲಿಸುವ ಕಡೆ ಒಂದು ರೈಲು ತಪ್ಪಿದರೂ ಇನ್ನೆರಡು ಉಳಿದಿರಬೇಕು, ಅದೇ ಲೆಕ್ಕ. ರಜೆ ಸಿಗದಿದ್ದರೆ ಯಾರ ಜೊತೆಗಾದರೂ ಪಾಳಿ ಬದಲಿಸಿಕೊಳ್ಳಿ.

ಟಿಕೆಟ್ ಎರಡು ತುಂಡು ಮಾಡಬೇಡಿ. ಕೊನೆಯ ನಿಲ್ದಾಣದವರೆಗೆ ಒಂದೇ ಟಿಕೆಟ್ ಇದ್ದರೆ ತಡವನ್ನು ಅಲ್ಲಿಯವರೆಗೆ ಲೆಕ್ಕ ಹಾಕುತ್ತಾರೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ 60ರಿಂದ 119 ನಿಮಿಷಕ್ಕೆ ಟಿಕೆಟ್ ದುಡ್ಡಿನ ಶೇಕಡ 25, ಎರಡು ಗಂಟೆ ಅಥವಾ ಜಾಸ್ತಿ ಆದರೆ ಶೇಕಡ 50 ಪರಿಹಾರ. ಅನಿವಾರ್ಯ ಹವಾಮಾನಕ್ಕೆ ವಿನಾಯಿತಿ ಇದೆ, ಆದರೂ ಅರ್ಜಿ ಹಾಕಿ ನೋಡಿ. 2022ರಲ್ಲಿ ಹಾಕಿದ್ದಿರಾ? ಹಾಕಿರುವುದಿಲ್ಲ. ಯಾರೂ ಹಾಕುವುದಿಲ್ಲ.

ಅಂದ ಹಾಗೆ, ಆ ರಾತ್ರಿ ನಿಲ್ಲುವುದು ನಿಮ್ಮ ಮಾವನ ಗಡಿಯಾರ ಮಾತ್ರ ಅಲ್ಲ. ಅಮೆರಿಕದ ಆಮ್‌ಟ್ರಾಕ್ ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿದ್ದರೆ, ಗಡಿಯಾರ ಹಿಂದೆ ಹೋಗುವ ರಾತ್ರಿ ಒಂದು ಗಂಟೆ ಸುಮ್ನೆ ನಿಂತುಬಿಡುತ್ತವೆ. ವೇಳಾಪಟ್ಟಿಗಿಂತ ಮುಂಚೆ ಯಾವ ನಿಲ್ದಾಣದಿಂದಲೂ ಹೊರಡುವಂತಿಲ್ಲವಲ್ಲ. ಜರ್ಮನಿಯ ರಾತ್ರಿ ರೈಲುಗಳದ್ದೂ ಇದೇ ಕತೆ.

ನೇರ ಮಾತು · 6 ಅಕ್ಟೋಬರ್

ಗಡಿಯಾರ ಒಂದು ಗಂಟೆ ನಿಲ್ಲಿಸುವುದನ್ನು ನೋಡೋಕೆ 240 ಕಿಲೋಮೀಟರ್ ಹೋಗಬೇಕಾ? ವಿಡಿಯೋ ಕಾಲ್ ಮಾಡಿ ಸ್ವಾಮಿ.

ತಡವಾದ ಸೊಸೆ · 6 ಅಕ್ಟೋಬರ್

ಫೋನು ಬುಟ್ಟಿಯಲ್ಲಿ ಇರುತ್ತದೆ ಅಂತ ಬರೆದಿದ್ದೆನಲ್ಲ. ಬುಟ್ಟಿಯ ತಳ ನೋಡುತ್ತಾ ಕೂರಲೇ?

@ಹಳಿ ಪಕ್ಕದವ, ಅರ್ಜಿ ಹಾಕಿರಲಿಲ್ಲ. ನೀವು ಹೇಳಿದ್ದು ನಮ್ಮವರಿಗೆ ಓದಿ ಹೇಳಿದೆ. ಪರಿಹಾರದ ಮಾತು ಕೇಳಿ ಈಗ ನಿಟ್ಟುಸಿರು ಬಿಡುತ್ತಿದ್ದಾರೆ.

ಮಂಜುಗಣ್ಣು · 7 ಅಕ್ಟೋಬರ್

ಮೈದುನನ ವಿಚಾರ ನಾನು ಹೇಳುತ್ತೇನೆ. ವಿಮಾನ ನಿಲ್ದಾಣದಲ್ಲಿ ಕೆಲಸ, ಶರತ್ಕಾಲದಲ್ಲಿ ಬೈಗುಳ ತಿನ್ನುವುದೇ ಕೆಲಸ.

ಈ ಕಾಲದ ಮಂಜು ಹೆಚ್ಚಾಗಿ ನೆಲದಿಂದ ಹುಟ್ಟುವಂಥದ್ದು. ಹಗಲು ಸ್ವಲ್ಪ ಮಳೆ ಬಂದು ನೆಲ ಒದ್ದೆ ಇರಬೇಕು. ರಾತ್ರಿ ಆಕಾಶ ತಿಳಿಯಾಗಬೇಕು. ಗಾಳಿ ಬಿದ್ದಿರಬೇಕು. ಉದ್ದದ ರಾತ್ರಿಯಲ್ಲಿ ನೆಲದ ಬಿಸಿ ಎಲ್ಲ ಮೇಲಕ್ಕೆ ಹೋಗಿ, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಅದರಲ್ಲಿದ್ದ ತೇವ ಹನಿಯಾಗುತ್ತದೆ. ನಕ್ಷತ್ರ ಚೆನ್ನಾಗಿ ಕಾಣುತ್ತಿದೆ ಅಂತ ಜನ ಖುಷಿ ಪಡುವ ರಾತ್ರಿಗಳೇ ನನಗೆ ಭಯ. ಬೇಸಿಗೆಯಾದರೆ ಸೂರ್ಯ ಬೇಗ ಎದ್ದು ಒಣಗಿಸಿಬಿಡುತ್ತಾನೆ. ಅಕ್ಟೋಬರ್ ಕೊನೆಗೆ ಅವನಿಗೂ ಸೋಮಾರಿತನ, ಹತ್ತು ಹನ್ನೊಂದಾದರೂ ಮಂಜು ಎದ್ದಿರುವುದಿಲ್ಲ.

ಈಗಿನ ವಿಮಾನ ಮಂಜಿನಲ್ಲೂ ತಾನಾಗಿ ಇಳಿಯುತ್ತದಲ್ಲ, ಮತ್ಯಾಕೆ ತಡ ಅಂತ ಎಲ್ಲರೂ ಕೇಳುತ್ತಾರೆ. ಸರಿಯಾದ ಸಲಕರಣೆ, ತರಬೇತಿ ಇದ್ದರೆ ಇಳಿಯುತ್ತದೆ, ನಿಜ. ಆದರೆ ಒಂದರ ಹಿಂದೆ ಒಂದು ಬರುವಾಗ ಮಧ್ಯೆ ಅಂತರ ಜಾಸ್ತಿ ಬಿಡಬೇಕು. ಇಳಿದ ವಿಮಾನ ರನ್‌ವೇ ಬಿಟ್ಟು ಪೂರ್ತಿ ದೂರ ಹೋಗಿದೆ ಅಂತ ಖಾತರಿಯಾಗಬೇಕು. ಗಂಟೆಗೆ ಇಳಿಯುವ ವಿಮಾನಗಳ ಲೆಕ್ಕವೇ ಕಮ್ಮಿಯಾಗುತ್ತದೆ. ಉಳಿದವು ಎಲ್ಲೋ ಕೂತು ಕಾಯಬೇಕು. ಬೆಳಗಿನ ಮಂಜು ಬೆಳಿಗ್ಗೆಯೇ ಹೋದರೂ ಅದರ ಬಾಲ ರಾತ್ರಿಯವರೆಗೂ ಇರುತ್ತದೆ. ಅದೇ ವಿಮಾನ ಐದಾರು ಸಲ ಹಾರಬೇಕಲ್ಲ, ಪ್ರತಿ ಸಲವೂ ತಡ ಸೇರುತ್ತಾ ಹೋಗುತ್ತದೆ. ಹಾಗಾಗಿ ಶನಿವಾರದ ಕೊನೆಯ ವಿಮಾನ ನಂಬಬೇಡಿ. ಅದು ರದ್ದಾದರೆ ಆವತ್ತು ಮುಂದೆ ಏನೂ ಇಲ್ಲ. ಮಧ್ಯಾಹ್ನದ್ದು ಸಿಗುತ್ತಾ ನೋಡಲಿ. ಮಂಜಿಗೆ ನಗದು ಪರಿಹಾರ ಬರುವುದಿಲ್ಲ. ಆದರೆ ರದ್ದಾದರೆ ಬೇರೆ ವಿಮಾನ ಕೊಡಬೇಕು, ರಾತ್ರಿ ಕಾಯಬೇಕಾದರೆ ಉಳಿಯುವ ವ್ಯವಸ್ಥೆ ಮಾಡಬೇಕು. ಅದನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ.

ಕಾರಲ್ಲೇ ಹೋಗುವುದಾದರೆ ಎರಡು ಮಾತು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಬಡಿಯುತ್ತದೆ. ಇನ್ನು ಜಿಂಕೆ. ಅಕ್ಟೋಬರ್, ನವೆಂಬರ್ ಅವುಗಳ ಜೋಡಿ ಹುಡುಕುವ ಕಾಲ, ಕತ್ತಲು ಬೆಳಕಿನ ಹೊತ್ತಿಗೇ ಓಡಾಟ. ಒಂದು ದಾಟಿತು ಅಂತ ಗಾಡಿ ಎತ್ತಬೇಡಿ, ಹಿಂದೆ ಇನ್ನೊಂದು ಇರುತ್ತದೆ. ನಿಮಗೆ ಸಿಕ್ಕಿದ್ದು ಒಂದೇ ಅಂತೀರಿ. ಎರಡನೆಯದನ್ನು ನೀವು ನೋಡಿಲ್ಲ, ಅಷ್ಟೇ.

ಕೀಲಿಕೈ · 9 ಅಕ್ಟೋಬರ್

ಎಲ್ಲರೂ ರೈಲು, ವಿಮಾನ ಅಂತ ಮಾತಾಡುತ್ತಿದ್ದೀರಿ. ಗಡಿಯಾರದ ಬಗ್ಗೆ ಯಾರೂ ಕೇಳಲಿಲ್ಲ. ಹಳೇ ಗಡಿಯಾರ ರಿಪೇರಿ ನನ್ನ ಹುಚ್ಚು. ಮನೆಯಲ್ಲಿ ಹನ್ನೊಂದಿವೆ. ಎಲ್ಲವೂ ಒಟ್ಟಿಗೆ ಹೊಡೆಯುವುದಿಲ್ಲ ಅನ್ನುವುದು ಹೆಂಡತಿಯ ದೂರು. ಹೊಡೆದಿದ್ದರೆ ಅದನ್ನೂ ದೂರುತ್ತಿದ್ದಳು.

ನಿಮ್ಮ ಮಾವ ಮಾಡುತ್ತಿರುವುದು ನೂರಕ್ಕೆ ನೂರು ಸರಿ. ಹಳೇ ಹೊಡೆಯುವ ಗಡಿಯಾರದಲ್ಲಿ ನಿಮಿಷದ ಮುಳ್ಳು ಹನ್ನೆರಡಕ್ಕೆ ಬರುವ ಮುಂಚೆ ಒಂದು ಸನ್ನೆಯನ್ನು ಎತ್ತುತ್ತದೆ. ಮುಳ್ಳನ್ನು ಹಿಂದಕ್ಕೆ ತಳ್ಳಿದರೆ ಆ ಸನ್ನೆ ಬಾಗಬಹುದು, ಮುರಿಯಬಹುದು. ಇನ್ನು ಕೆಲವು ಗಡಿಯಾರಗಳಿವೆ. ಅವಕ್ಕೆ ಮುಳ್ಳು ಎಲ್ಲಿದೆ ಅನ್ನುವುದೇ ಗೊತ್ತಿರುವುದಿಲ್ಲ. ಏಳು ಹೊಡೆದ ಮೇಲೆ ಎಂಟು, ಎಂಟಾದ ಮೇಲೆ ಒಂಬತ್ತು, ಇಷ್ಟೇ ಗೊತ್ತು. ಹೊಡೆಯಲು ಬಿಡದೆ ಮುಳ್ಳು ತಿರುಗಿಸಿದಿರೋ, ಆಮೇಲೆ ಮೂರು ಗಂಟೆಗೆ ಆರು ಹೊಡೆಯುತ್ತಾ ಕೂರುತ್ತದೆ.

ನಿಲ್ಲಿಸುವುದು ಬೇಡ ಅಂದರೆ ಇನ್ನೊಂದೇ ದಾರಿ, ಹನ್ನೊಂದು ಗಂಟೆ ಮುಂದಕ್ಕೆ ತಿರುಗಿಸುವುದು. ಪ್ರತಿ ಗಂಟೆಗೂ, ಅರ್ಧ ಗಂಟೆಗೂ ನಿಂತು ಪೂರ್ತಿ ಹೊಡೆಯಲು ಬಿಡಬೇಕು. ಹತ್ತರಿಂದ ಒಂಬತ್ತಕ್ಕೆ ಹೋಗಲು ಗಂಟೆಯ ಹೊಡೆತ 68, ಅರ್ಧ ಗಂಟೆಯದ್ದು 11, ಒಟ್ಟು 79. ನಾನು ಒಂದು ಸಲ ಮಾಡಿದ್ದೇನೆ. ಪಕ್ಕದ ಮನೆಯವರು ಬಾಗಿಲು ತಟ್ಟಿದರು.

ಈಗ ನನ್ನ ಪ್ರಶ್ನೆ. ಬೆಳಿಗ್ಗೆ 9 ಗಂಟೆಗೇ ಯಾಕೆ ನಿಲ್ಲಿಸಬೇಕು? ಗಡಿಯಾರಕ್ಕೆ ಬೇಕಾಗಿರುವುದು ಒಂದು ಗಂಟೆ ನಿಲ್ಲುವುದು. ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿ, ರಾತ್ರಿ ಎಂಟಕ್ಕೆ ನಿಲ್ಲಿಸಿ, ಅದಕ್ಕೇನೂ ಬೇಜಾರಿಲ್ಲ. ಎಲ್ಲರೂ ಬಂದ ಮೇಲೆ ನಿಲ್ಲಿಸಿದರಾಯಿತು. ಅಲ್ಲಿಯವರೆಗೆ ಒಂದು ಗಂಟೆ ಮುಂದೆ ಓಡಲಿ ಬಿಡಿ. ನಮ್ಮ ದೇಶದ ಗಡಿಯಾರಗಳೇ ಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಒಂದು ಗಂಟೆ ಮುಂದೆ ಓಡಿದ್ದವು. ಅರ್ಧ ದಿನದಲ್ಲಿ ಏನಾಗುತ್ತದೆ?

ತಿರುಗಿದ ಋತು · 9 ಅಕ್ಟೋಬರ್

ಕೀಲಿಕೈ ಅವರ ಮಾತಿಗೆ ನನ್ನದೂ ಸೈ. ನಾನಿರುವುದು ನ್ಯೂಜಿಲೆಂಡಿನಲ್ಲಿ. ಇಲ್ಲಿ ಗಡಿಯಾರ ಹಿಂದೆ ಹೋಗುವುದು ಏಪ್ರಿಲ್ ಮೊದಲ ಭಾನುವಾರ, ಎಲೆ ಉದುರುವುದೂ ಆಗಲೇ. ಅಮ್ಮನಿಗೆ ಫೋನ್ ಮಾಡಿ "ಶರತ್ಕಾಲ ಶುರುವಾಯ್ತು" ಅಂದರೆ ಪ್ರತಿ ವರ್ಷವೂ ನನ್ನ ಆರೋಗ್ಯ ವಿಚಾರಿಸುತ್ತಾರೆ.

ಒಂದು ಆತಂಕ ಮಾತ್ರ. ಐರೋಪ್ಯ ಸಂಸತ್ತು 2019ರ ಮಾರ್ಚ್‌ನಲ್ಲಿ ಈ ಗಡಿಯಾರ ಬದಲಿಸುವ ಪದ್ಧತಿಯನ್ನೇ ಕೈಬಿಡುವ ಪರವಾಗಿ ಮತ ಹಾಕಿತ್ತು. ದೇಶಗಳು ಒಮ್ಮತಕ್ಕೆ ಬರದೆ ಅದು ಹಾಗೇ ನಿಂತಿದೆ. ನಿಮ್ಮ ಮಾವನಿಗೆ ಇದು ಗೊತ್ತಾ?

ತಡವಾದ ಸೊಸೆ · 12 ಅಕ್ಟೋಬರ್

ಗೊತ್ತು. ಸುದ್ದಿ ಬಂದ ದಿನ ಊಟಕ್ಕೇ ಏಳಲಿಲ್ಲವಂತೆ. "ಅವರು ಬಿಟ್ಟರೂ ನಾನು ನಿಲ್ಲಿಸ್ತೀನಿ" ಅಂದರಂತೆ. ಹಾಗೆ ಮಾಡಿದರೆ ವರ್ಷಕ್ಕೊಂದು ಗಂಟೆ ಹಿಂದೆ ಬೀಳುತ್ತಾ ಹೋಗಿ, ಹನ್ನೆರಡು ವರ್ಷಕ್ಕೆ ಮತ್ತೆ ಸರಿಯಾಗುತ್ತದೆ ಅಂತ ನಮ್ಮವರು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕ ಮಾವನಿಗೆ ಬಹಳ ಹಿಡಿಸಿತು.

ಕೀಲಿಕೈ ಅವರೇ, ನಿಮ್ಮ ಮಾತನ್ನು ಹಾಗೇ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಗಡಿಯಾರಕ್ಕೆ ಆಗಬಹುದಮ್ಮ, ನನಗಾಗಲ್ಲ. ತಪ್ಪು ಟೈಮು ತೋರಿಸ್ತಾ ಗೋಡೆ ಮೇಲೆ ಇಡೀ ದಿನ ನೇತಾಡ್ತಿದ್ರೆ ನಾನು ಎಲ್ಲಿ ನೋಡ್ಲಿ?" ಅಂದರು. ಹಿಂದಿನಿಂದ ಅತ್ತೆ, "ಅವಳಿಗೆ ಬೇಗ ಹೊರಡೋಕೆ ಹೇಳಿ" ಅಂದಿದ್ದು ಕೇಳಿಸಿತು.

ಸರಿ. ಪಾಳಿ ಬದಲಿಸಿಕೊಂಡೆ. ಬದಲಿಗೆ ಡಿಸೆಂಬರಿನ ಎರಡು ಶನಿವಾರ ಹೋಯಿತು. ಶನಿವಾರ ಮಧ್ಯಾಹ್ನದ ರೈಲು, ಒಂದೇ ಟಿಕೆಟ್. ಮೈದುನನಿಗೂ ಹೇಳಿದೆ. ಅವನು "ಅತ್ತಿಗೆ, ಮಧ್ಯಾಹ್ನದ ಟಿಕೆಟ್ ಎರಡು ಪಟ್ಟು ಇದೆ, ರಾತ್ರಿಯದ್ದೇ ಇರಲಿ, ಏನೂ ಆಗಲ್ಲ" ಅಂದ. ಅವನು ಯಾವಾಗಲೂ ಹೀಗೇ.

ತಡವಾದ ಸೊಸೆ · 28 ಅಕ್ಟೋಬರ್

ವರದಿ ಒಪ್ಪಿಸುತ್ತಿದ್ದೇನೆ.

ರೈಲು ಆರು ನಿಮಿಷ ತಡ. ಬರೀ ಆರು. ಬದಲಿಸುವ ಕಡೆ ನಲವತ್ತು ನಿಮಿಷ ಬೆಂಚಿನ ಮೇಲೆ ಕೂತಿದ್ದೆವು. ಹಳದಿ ಎಲೆ ಒಂದೊಂದಾಗಿ ಹಳಿ ಮೇಲೆ ಬೀಳುತ್ತಿತ್ತು. ಮಗಳು "ಬೇಡ ಬೇಡ" ಅಂತ ಅವಕ್ಕೆ ಬೈಯುತ್ತಿದ್ದಳು. ಸಂಜೆ ಆರಕ್ಕೆ ಮನೆ. ನಾಲ್ಕು ವರ್ಷದ ಮೇಲೆ ಶನಿವಾರ ರಾತ್ರಿ ಆ ಗಡಿಯಾರದ ಕೆಳಗೆ ಮಲಗಿದೆ. ಅರ್ಧ ಗಂಟೆಗೊಂದು ಠಣ್. ಅದಕ್ಕೂ ಒಗ್ಗಿಕೊಳ್ಳಬೇಕು, ಮರೆತೇ ಹೋಗಿತ್ತು.

ಮೈದುನನ ವಿಮಾನ ರದ್ದು. ಮಂಜು. ಭಾನುವಾರ ಬೆಳಿಗ್ಗೆ ಬೇರೆಯದರಲ್ಲಿ ಕೂರಿಸುತ್ತೇವೆ ಅಂದರಂತೆ, ಅದೂ ಮಂಜಿಗೆ ಕೂತಲ್ಲೇ ಕೂತಿತು. ನಾನು ಏನೂ ಹೇಳಲಿಲ್ಲ. ಹೇಳಬೇಕು ಅಂತ ತುಂಬಾ ಇತ್ತು.

ಭಾನುವಾರ 9ಕ್ಕೆ ಗಡಿಯಾರ ಹತ್ತು ಹೊಡೆಯಿತು. ಮಾವ ಬಾಗಿಲು ತೆರೆದು ಲೋಲಕ ಹಿಡಿದರು. ಆ ಮನೆಯಲ್ಲಿ ಆ ಸದ್ದು ನಿಂತರೆ ಕಿವಿಗೆ ಒಂಥರಾ ಆಗುತ್ತದೆ. ಫ್ರಿಜ್ ಗುಂಯ್ ಅನ್ನುವುದೂ ಕೇಳಿಸುತ್ತದೆ. ಚೀಟಿ ಬರೆದೆವು. ನಮ್ಮ 2021ರ ಚೀಟಿ ಓದಿದರು. ನಮ್ಮವರದ್ದು, "ನಿದ್ದೆ". ನನ್ನದು, "ನಿದ್ದೆ". ಆಗ ಮಗಳಿಗೆ ನಾಲ್ಕು ವರ್ಷ, ಒಂದು ಉಂಡೆಗೆ ಎರಡು ಕಾಲು ಬರೆದಿದ್ದಳು. ಈಗ ಎಂಟರ ಹುಡುಗಿ, ಅದು ತನ್ನದಲ್ಲ ಅಂತ ಹಟ. ಮಾವನ ಹೋದ ವರ್ಷದ ಚೀಟಿಯಲ್ಲಿ ಇದ್ದಿದ್ದು, "ಗಡಿಯಾರಕ್ಕೆ ಎಣ್ಣೆ ಹಾಕಿಸಬೇಕು". ಅದಕ್ಕಿಂತ ಹಿಂದಿನ ವರ್ಷದ್ದೂ ಅದೇ ಅಂತ ಅತ್ತೆ ನೆನಪಿಸಿದರು.

ಹತ್ತಾಯಿತು. ಮಾವ ಜೇಬಿನಿಂದ ಫೋನ್ ತೆಗೆದು ನೋಡಿದರು. ಮತ್ತೆ ಜೇಬಿಗೆ ಹಾಕಿದರು. ಎದ್ದು ಲೋಲಕ ತಳ್ಳಬೇಕು. ತಳ್ಳಲಿಲ್ಲ. ಹತ್ತೂ ಕಾಲಾಯಿತು. ಅತ್ತೆ, "ಏನ್ರೀ?" ಅಂದರು. "ಇರಲಿ, ಅವನೂ ಬರಲಿ" ಅಂದರು. ತಪ್ಪು ಟೈಮು ತೋರಿಸುವ ಗಡಿಯಾರ ನೋಡಲಾರೆ ಅಂದವರು ಇವರೇ!

ಮೈದುನ ಬಂದಿದ್ದು 12.40ಕ್ಕೆ, ಒಂದೇ ಉಸಿರಿನಲ್ಲಿ ಕ್ಷಮೆ ಕೇಳುತ್ತಾ. ಅವನ ಚೀಟಿ ಓದಿ, ಹೊಸದು ಬರೆಸಿ, ಎಲ್ಲ ಮುಗಿಯುವಾಗ ಒಂದೂ ಕಾಲು. ಗಡಿಯಾರ ಇನ್ನೂ ಹತ್ತರಲ್ಲೇ. ಕೀಲಿಕೈ ಅವರು ಹೇಳಿದ ಹಾಗೆ ಮುಳ್ಳು ಮೆಲ್ಲಗೆ ಮುಂದಕ್ಕೆ ತಿರುಗಿಸಿ, ಪ್ರತಿ ಸಲ ಪೂರ್ತಿ ಹೊಡೆಯಲು ಬಿಟ್ಟೆವು. ಮಗಳು ಎಣಿಸಿದಳು, 27 ಹೊಡೆತ. ಮುಂದಿನ ವರ್ಷ ಇನ್ನೂ ಜಾಸ್ತಿ ತಡ ಮಾಡಿ ಬಾ ಚಿಕ್ಕಪ್ಪ ಅಂತ ಹೇಳಿ ಕಳಿಸಿದ್ದಾಳೆ.

ಈಗ ಹೊಸ ಸಮಸ್ಯೆ. ಆವತ್ತಿನಿಂದ ಗಡಿಯಾರ ಒಂದೆರಡು ಗಂಟೆ ಓಡಿ ನಿಲ್ಲುತ್ತಿದೆ. ತಳ್ಳಿದರೆ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಮಾವ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಾರೆ. ಜಾಸ್ತಿ ಹೊತ್ತು ನಿಲ್ಲಿಸಿದ್ದಕ್ಕೆ ಕೆಟ್ಟಿತಾ?

ಕೀಲಿಕೈ · 28 ಅಕ್ಟೋಬರ್

ನಿಲ್ಲಿಸಿದ್ದಕ್ಕೆ ಕೆಡುವುದಿಲ್ಲ. ವರ್ಷಗಟ್ಟಲೆ ನಿಂತಿದ್ದನ್ನು ಓಡಿಸಿದ್ದೇನೆ. ಮೊದಲು ಕೀಲಿ ಪೂರ್ತಿ ಕೊಟ್ಟಿದೆಯಾ ನೋಡಲಿ. ಆಮೇಲೆ ಕಣ್ಣು ಮುಚ್ಚಿ ಕೇಳಲಿ. ಟಿಕ್‌ಗೂ ಟಾಕ್‌ಗೂ ಮಧ್ಯೆ ಹೊತ್ತು ಸಮ ಇರಬೇಕು. ಕುಂಟುತ್ತಿದ್ದರೆ ಪೆಟ್ಟಿಗೆ ವಾರೆಯಾಗಿದೆ ಅಂತ ಅರ್ಥ, ಕೆಳಭಾಗವನ್ನು ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ಸರಿಸಬೇಕು.

ಅದಕ್ಕೂ ಮುಂಚೆ ಇನ್ನೊಂದು. ಪೆಟ್ಟಿಗೆಯ ತಳದಲ್ಲಿ ಚೀಟಿ ಹಾಕುತ್ತೇವೆ ಅಂದಿದ್ದಿರಿ. ಲೋಲಕ ಆಡುವಾಗ ಯಾವುದಾದರೂ ತಗಲುತ್ತಿದೆಯಾ?

ತಡವಾದ ಸೊಸೆ · 29 ಅಕ್ಟೋಬರ್

ಚೀಟಿಯೇ!

ಎಲ್ಲರದ್ದೂ ತೆಳ್ಳನೆ ಕಾಗದ, ಮಡಚಿದರೆ ಮಲಗುತ್ತದೆ. ಮೈದುನ ಗಡಿಬಿಡಿಯಲ್ಲಿ ತನ್ನ ಬೋರ್ಡಿಂಗ್ ಪಾಸ್ ಹಿಂದೆ ಬರೆದಿದ್ದಾನೆ. ದಪ್ಪ ರಟ್ಟು. ಅದು ಮಡಿಕೆ ಬಿಚ್ಚಿಕೊಂಡು ಎದ್ದು ನಿಂತು ಲೋಲಕಕ್ಕೆ ಉಜ್ಜುತ್ತಿತ್ತಂತೆ. ರದ್ದಾದ ಶನಿವಾರದ ವಿಮಾನದ್ದೇ ಪಾಸು.

ಮಾವ ಅದನ್ನು ಅಡ್ಡ ಮಲಗಿಸಿ ಮೇಲೆ ಒಂದು ಬಟನ್ ಇಟ್ಟಿದ್ದಾರೆ. ಬಿಚ್ಚಿಕೊಂಡಿದ್ದರೂ ಓದಿಲ್ಲವಂತೆ. ಅತ್ತೆ ಓದಿದ್ದಾರೆ, ಹೇಳುತ್ತಿಲ್ಲ.